ಮನೆಯಂಗಳದ ಬ್ರಹ್ಮಕಮಲ ಕಮಲವೂ ಅಲ್ಲ, ಹಿಮಾಲಯದ್ದೂ ಅಲ್ಲ: ಅದು ಮರದ ಮೇಲೆ ಬೆಳೆಯುವ ಕಳ್ಳಿ!

ಮಳೆಗಾಲ ಶುರುವಾದರೆ ಸಾಕು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬಿಳಿ ಹೂವಿನ ಫೋಟೋಗಳು ಹರಿದಾಡತೊಡಗುತ್ತವೆ. ಫೋಟೋ ಜೊತೆಗೆ ಒಂದು ಸಂದೇಶವೂ ಇರುತ್ತದೆ. ಹಿಮಾಲಯದಲ್ಲಿ ಮಾತ್ರ ಬೆಳೆಯುವ ಹೂ, 14 ವರ್ಷಕ್ಕೊಮ್ಮೆ ಅರಳುತ್ತದೆ, ನೋಡಿದವರಿಗೆ ಅದೃಷ್ಟ, ಹತ್ತು ಜನರಿಗೆ ಕಳುಹಿಸಿ! ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: ಈ ಗಿಡ ರಾತ್ರಿಯೆಲ್ಲ ಆಮ್ಲಜನಕ ಕೊಡುತ್ತದೆ, ಮಲಗುವ ಕೋಣೆಯಲ್ಲಿಡಿ. ಮತ್ತೊಂದರಲ್ಲಿ, ಇದರ ಹೂವಿನ ಕಷಾಯಕ್ಕೆ ವಾಸಿಯಾಗದ ಕಾಯಿಲೆಯೇ ಇಲ್ಲ.

ಹೂ ಚೆಂದ, ಹಂಚಿಕೊಂಡರೆ ತಪ್ಪೇನು ಎಂದು ನಿಮಗೆ ಅನ್ನಿಸಬಹುದು. ಫೋಟೋ ಹಂಚಿಕೊಳ್ಳುವುದರಲ್ಲಿ ಖಂಡಿತ ತಪ್ಪಿಲ್ಲ. ಆದರೆ ಜೊತೆಗಿರುವ ತಪ್ಪು ಮಾಹಿತಿಗೆ ಬೆಲೆ ತೆರಬೇಕಾಗುತ್ತದೆ. ಕಮಲವೆಂದು ನಂಬಿ ದಿನವೂ ನೀರು ಸುರಿದರೆ ಗಿಡ ಕೊಳೆಯುತ್ತದೆ. ಅಪರೂಪವೆಂದು ನಂಬಿದರೆ ಪುಕ್ಕಟೆ ಸಿಗುವ ಗಿಡಕ್ಕೆ ದುಡ್ಡು ಹೋಗುತ್ತದೆ. ಔಷಧಿಯೆಂದು ನಂಬಿದರೆ ಚಿಕಿತ್ಸೆ ತಡವಾಗುತ್ತದೆ. ಹಾಗಾಗಿ ಈ ಗಿಡ ನಿಜಕ್ಕೂ ಯಾವುದು, ಎಲ್ಲಿಂದ ಬಂತು, ಮನೆಯಲ್ಲಿ ಹೇಗೆ ಬೆಳೆಸಬೇಕು ಎನ್ನುವುದನ್ನು ಒಂದೊಂದಾಗಿ ನೋಡೋಣ.

ಹೆಸರು ಒಂದು, ಗಿಡ ಎರಡು

ಗೊಂದಲ ಶುರುವಾಗುವುದೇ ಹೆಸರಿನಿಂದ. ಬ್ರಹ್ಮಕಮಲ ಎಂಬ ಒಂದೇ ಹೆಸರಿನಲ್ಲಿ ನಾವು ಎರಡು ಬೇರೆ ಬೇರೆ ಗಿಡಗಳನ್ನು ಕರೆಯುತ್ತೇವೆ.

ಒಂದು, ಹಿಮಾಲಯದ ಬ್ರಹ್ಮಕಮಲ. ಇದರ ವೈಜ್ಞಾನಿಕ ಹೆಸರು ಸಾಸ್ಸೂರಿಯಾ ಅಬ್ವಲ್ಲಾಟಾ. ಇದು ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದ್ದು. ಸಮುದ್ರಮಟ್ಟದಿಂದ ಸುಮಾರು 3,700ರಿಂದ 4,600 ಮೀಟರ್ ಎತ್ತರದ ಚಳಿಯಲ್ಲಿ, ಕಲ್ಲುಬಂಡೆಗಳ ನಡುವೆ ನೆಲದಲ್ಲಿ ಬೆಳೆಯುತ್ತದೆ. ತಿಳಿ ಹಳದಿ-ಹಸಿರು ಬಣ್ಣದ, ಕಾಗದದಂತೆ ತೆಳುವಾದ ಹೊದಿಕೆಯೊಳಗೆ ನೇರಳೆ ಬಣ್ಣದ ಪುಟ್ಟ ಹೂಗಳ ಗುಚ್ಛ ಅಡಗಿರುತ್ತದೆ. ಉತ್ತರಾಖಂಡದ ರಾಜ್ಯಪುಷ್ಪ ಇದೇ. ಕೇದಾರನಾಥ, ಬದರಿನಾಥಗಳಲ್ಲಿ ದೇವರಿಗೆ ಅರ್ಪಿಸುವ ಹೂವೂ ಇದೇ.

ಇನ್ನೊಂದು, ನಮ್ಮ ಮನೆಯಂಗಳದ, ಬಾಲ್ಕನಿಯ ಬ್ರಹ್ಮಕಮಲ. ಇದರ ವೈಜ್ಞಾನಿಕ ಹೆಸರು ಎಪಿಫಿಲಮ್ ಆಕ್ಸಿಪೆಟಾಲಮ್. ಇದು ಕಳ್ಳಿ ಜಾತಿಯದು. ತವರು ದಕ್ಷಿಣ ಮೆಕ್ಸಿಕೊ ಮತ್ತು ಗ್ವಾಟೆಮಾಲಾ ಮೊದಲಾದ ಮಧ್ಯ ಅಮೆರಿಕದ ದೇಶಗಳ ಕಾಡು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಸೀಬೆ, ಗೋಡಂಬಿ ಇವೆಲ್ಲ ಅಮೆರಿಕ ಖಂಡದಿಂದ ಹಡಗು ಹತ್ತಿ ನಮ್ಮಲ್ಲಿಗೆ ಬಂದು ನಮ್ಮವೇ ಆಗಿಹೋದವಲ್ಲ, ಇದೂ ಹಾಗೆಯೇ. ಹೊರನಾಡಿನಿಂದ ಬಂದ ಗಿಡಕ್ಕೆ ನಮ್ಮ ಜನ ಅಕ್ಕರೆಯಿಂದ ನಮ್ಮದೇ ಹೆಸರು ಕೊಟ್ಟಿದ್ದಾರೆ.

ಎರಡನ್ನೂ ಗುರುತಿಸುವುದು ಸುಲಭ. ಫೋಟೋದಲ್ಲಿ ಚಪ್ಪಟೆಯಾದ ಉದ್ದನೆಯ ಹಸಿರು ಪಟ್ಟಿಯಿಂದ ದೊಡ್ಡ ಬಿಳಿ ಹೂ ಜೋತುಬಿದ್ದಿದ್ದರೆ ಅದು ಅಮೆರಿಕದ ಕಳ್ಳಿ. ನೆಲದಿಂದೆದ್ದ ದಂಟಿನ ತುದಿಯಲ್ಲಿ ಹಳದಿ-ಹಸಿರು ಹೊದಿಕೆ ಇದ್ದರೆ ಅದು ಹಿಮಾಲಯದ್ದು. ಹಿಮಾಲಯದ ಗಿಡ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಾಲ್ಕನಿಯಲ್ಲಿ ಬದುಕುವುದಿಲ್ಲ. ನರ್ಸರಿಯಲ್ಲಿ ಸಿಗುವುದು ಕಳ್ಳಿಯೇ.

ಕಳ್ಳಿಯಾದರೆ ಮುಳ್ಳೆಲ್ಲಿ? ಮರದ ಮೇಲೇಕೆ?

ಕಳ್ಳಿ ಎಂದೊಡನೆ ಮರಳುಗಾಡು, ಮುಳ್ಳು, ಸುಡುಬಿಸಿಲು ನೆನಪಾಗುತ್ತವೆ. ಆದರೆ ಕಳ್ಳಿ ಕುಟುಂಬದ ಒಂದು ಕವಲು ಮಳೆಕಾಡು ಸೇರಿ ಮರ ಹತ್ತಿದೆ. ಕೊಂಬೆಗಳ ಸಂದಿಯಲ್ಲಿ ಕೊಳೆತ ಎಲೆ, ತೊಗಟೆಯ ಚೂರು, ಪಾಚಿ ಸೇರಿದ ಹಿಡಿಯಷ್ಟು ಕಸವೇ ಇವುಗಳಿಗೆ ಮಣ್ಣು. ಬೇರನ್ನು ಅಲ್ಲೇ ಊರಿ, ದಂಟನ್ನು ಕೆಳಗೆ ಇಳಿಬಿಟ್ಟು ಬೆಳೆಯುತ್ತವೆ.

ಹೀಗೆ ಮರದ ಮೇಲೆ ಬೆಳೆಯುವ ಗಿಡಗಳು ನಮಗೆ ಹೊಸವಲ್ಲ. ಮಲೆನಾಡಿನಲ್ಲಿ ಮರಕ್ಕೆ ಅಂಟಿಕೊಂಡು ಹೂ ಬಿಡುವ ಸೀತಾಳೆ ದಂಡೆಯನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಸೀತಾಳೆ ಮರದ ಮೇಲೆ ಕೂರುತ್ತದೆ, ಮರದ ರಸ ಹೀರುವುದಿಲ್ಲ. ಬಂದಳಿಕೆ ಹಾಗಲ್ಲ, ಅದು ಮರದೊಳಗೇ ಬೇರಿಳಿಸಿ ಅದರ ರಸ ಕುಡಿಯುತ್ತದೆ. ನಮ್ಮ ಬ್ರಹ್ಮಕಮಲ ಸೀತಾಳೆಯ ಗುಂಪಿನದು, ಬಂದಳಿಕೆಯ ಗುಂಪಿನದಲ್ಲ.

ನಾವು ‘ಎಲೆ’ ಎನ್ನುವುದು ವಾಸ್ತವದಲ್ಲಿ ಎಲೆಯಲ್ಲ, ಚಪ್ಪಟೆಯಾದ ಕಾಂಡ. ಕಾಡಿನ ನೆರಳಿನಲ್ಲಿ ಸಿಗುವ ಅಲ್ಪ ಬೆಳಕನ್ನು ಹಿಡಿಯಲು ಕಾಂಡವೇ ಎಲೆಯಂತೆ ಅಗಲವಾಗಿದೆ. ಅದರ ಅಂಚಿನಲ್ಲಿ ಸಾಲಾಗಿ ಕಚ್ಚುಗಳಿರುತ್ತವೆ. ಮರಳುಗಾಡಿನ ಕಳ್ಳಿಗಳಲ್ಲಿ ಮುಳ್ಳು ಹುಟ್ಟುವಂಥ ಜಾಗಗಳೇ ಇವು. ಇಲ್ಲಿ ಮುಳ್ಳು ಕಾಣೆಯಾಗಿದೆ, ಮೊಗ್ಗು ಮತ್ತು ಹೊಸ ಚಿಗುರು ಮಾತ್ರ ಅಲ್ಲಿಂದಲೇ ಬರುತ್ತವೆ. ‘ಎಲೆಯಿಂದಲೇ ಹೂ ಬಿಡುವ ಪವಾಡದ ಗಿಡ’ ಎಂಬ ಫಾರ್ವರ್ಡ್‌ಗೆ ಉತ್ತರ ಇಷ್ಟೇ: ಹೂ ಬಿಡುತ್ತಿರುವುದು ಎಲೆಯಲ್ಲ, ಕಾಂಡ.

ಡ್ರ್ಯಾಗನ್ ಫ್ರೂಟ್ ಇದರ ಹತ್ತಿರದ ನೆಂಟ. ಕರ್ನಾಟಕದಲ್ಲಿ ಈಗ ಅದನ್ನು ಬೆಳೆಯುವ ರೈತರ ತೋಟಕ್ಕೆ ರಾತ್ರಿ ಹೋದರೆ ಬ್ರಹ್ಮಕಮಲವನ್ನೇ ಹೋಲುವ ದೊಡ್ಡ ಬಿಳಿ ಹೂಗಳು ಕಾಣುತ್ತವೆ. ಡ್ರ್ಯಾಗನ್ ಫ್ರೂಟ್‌ನ ಕಾಂಡಕ್ಕೆ ಮೂರು ಏಣು, ಬ್ರಹ್ಮಕಮಲದ್ದು ಚಪ್ಪಟೆ ಪಟ್ಟಿ. ಎರಡರ ವ್ಯತ್ಯಾಸ ತಿಳಿಯಲು ಇದೊಂದು ಸಾಕು.

ಹೇಳಿಕೆ: 14 ವರ್ಷಕ್ಕೊಮ್ಮೆ ಅರಳುತ್ತದೆ

ಸುಳ್ಳು. ಚೆನ್ನಾಗಿ ಬೆಳೆದ ಗಿಡ ಪ್ರತಿ ವರ್ಷ ಹೂ ಬಿಡುತ್ತದೆ, ಒಂದೇ ವರ್ಷದಲ್ಲಿ ಎರಡು ಮೂರು ಸಲ ಬಿಡುವುದೂ ಉಂಟು. ನಮ್ಮಲ್ಲಿ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದರ ಕಾಲ. ಬಲಿತ ಗಿಡದಲ್ಲಿ ಒಂದೇ ರಾತ್ರಿ ಹತ್ತಾರು ಹೂ ಅರಳುವುದು ಅಚ್ಚರಿಯೇನಲ್ಲ.

ಅಪರೂಪವಾಗಿರುವುದು ಹೂವಿನ ಆಯಸ್ಸು. ಸಂಜೆ ಕತ್ತಲಾದ ಮೇಲೆ ದಳ ಬಿಚ್ಚತೊಡಗುತ್ತದೆ, ನಡುರಾತ್ರಿಯ ಹೊತ್ತಿಗೆ ಪೂರ್ತಿ ಅರಳಿರುತ್ತದೆ, ಬೆಳಗಾಗುವಷ್ಟರಲ್ಲಿ ಬಾಡಿ ಜೋತುಬೀಳುತ್ತದೆ. ಪ್ರತಿ ಹೂವಿಗೂ ಒಂದೇ ರಾತ್ರಿ. ಇದಕ್ಕೆ ಕಾರಣ ಪರಾಗಸ್ಪರ್ಶ. ತವರಿನ ಕಾಡಿನಲ್ಲಿ ಈ ಹೂವಿಗೆ ಬರುವ ಅತಿಥಿ ರಾತ್ರಿ ಹಾರುವ, ಉದ್ದ ಕೊಳವೆಬಾಯಿಯ ದೊಡ್ಡ ಪತಂಗ. ಕತ್ತಲಲ್ಲೂ ಎದ್ದು ಕಾಣುವ ಬಿಳಿ ಬಣ್ಣ, ದೂರಕ್ಕೆ ಹರಡುವ ಪರಿಮಳ, ಉದ್ದನೆಯ ಕೊಳವೆ ಎಲ್ಲವೂ ಆ ಪತಂಗಕ್ಕಾಗಿಯೇ. ಹಗಲಿನಲ್ಲಿ ಅರಳಿ ಕೂತರೆ ಗಿಡಕ್ಕೆ ನೀರಿನ ನಷ್ಟವೇ ಹೊರತು ಲಾಭವಿಲ್ಲ.

‘ಜಗತ್ತಿನ ಅತಿ ದುಬಾರಿ ಹೂ, ಬೆಲೆ ಕಟ್ಟಲಾಗದ ಶ್ರೀಲಂಕಾದ ಕಡುಪುಲ್’ ಎಂಬ ವಿಡಿಯೊ ನೀವು ನೋಡಿರಬಹುದು. ಆ ಕಡುಪುಲ್ ಬೇರೆ ಯಾವುದೂ ಅಲ್ಲ, ಇದೇ ಗಿಡ. ಕೇರಳದಲ್ಲಿ ಇದನ್ನೇ ನಿಶಾಗಂಧಿ ಎನ್ನುತ್ತಾರೆ. ಬೆಳಗಿನೊಳಗೆ ಬಾಡುವ ಹೂವನ್ನು ಮಾರುಕಟ್ಟೆಗೆ ಒಯ್ದು ಮಾರಲು ಆಗುವುದಿಲ್ಲ. ಅದಕ್ಕೆ ಬೆಲೆ ಕಟ್ಟಿಲ್ಲ, ಅಷ್ಟೇ.

ಹೇಳಿಕೆ: ರಾತ್ರಿ ಆಮ್ಲಜನಕ ಕೊಡುತ್ತದೆ, ಕೋಣೆಯ ಗಾಳಿ ಶುದ್ಧವಾಗುತ್ತದೆ

ಇದರಲ್ಲಿ ಎಳ್ಳಷ್ಟು ನಿಜ, ಬೆಟ್ಟದಷ್ಟು ಉತ್ಪ್ರೇಕ್ಷೆ ಇದೆ. ಕಳ್ಳಿಗಳು ನೀರು ಉಳಿಸಲು ತಮ್ಮ ಮೈಮೇಲಿನ ಸೂಕ್ಷ್ಮ ರಂಧ್ರಗಳನ್ನು ಹಗಲಿನ ಬದಲು ರಾತ್ರಿ ತೆರೆಯುತ್ತವೆ. ಆಗ ಇಂಗಾಲದ ಡೈಆಕ್ಸೈಡ್ ಹೀರಿ, ಆಮ್ಲದ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಹಗಲಿನಲ್ಲಿ ಬೆಳಕು ಬಿದ್ದಾಗ ಅದನ್ನು ಬಳಸಿ ಆಹಾರ ತಯಾರಿಸುತ್ತವೆ. ಆಮ್ಲಜನಕ ಹುಟ್ಟುವುದು ಈ ಹಗಲಿನ ಹಂತದಲ್ಲಿ, ಏಕೆಂದರೆ ಅದಕ್ಕೆ ಬೆಳಕು ಬೇಕೇ ಬೇಕು. ರಾತ್ರಿ ನಡೆಯುವುದು ಇಂಗಾಲದ ಸಂಗ್ರಹ ಮಾತ್ರ.

ಗಾಳಿ ಶುದ್ಧೀಕರಣದ ಮಾತಿಗೆ ಮೂಲ ನಾಸಾ 1989ರಲ್ಲಿ ಪ್ರಕಟಿಸಿದ ಅಧ್ಯಯನ. ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಪುಟ್ಟ ಪೆಟ್ಟಿಗೆಯಂಥ ಕೋಣೆಗಳಲ್ಲಿ. ನಮ್ಮ ಮನೆಗಳಲ್ಲಿ ಬಾಗಿಲು, ಕಿಟಕಿ ಇವೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದರು. ಸಾಮಾನ್ಯ ಗಾಳಿಯಾಟದಿಂದ ಆಗುವಷ್ಟು ಶುದ್ಧೀಕರಣ ಗಿಡಗಳಿಂದ ಆಗಬೇಕಾದರೆ ಪ್ರತಿ ಚದರ ಮೀಟರ್‌ಗೆ 10ರಿಂದ 1,000 ಗಿಡ ಬೇಕು ಎಂದು ಲೆಕ್ಕ ಹಾಕಿದರು. ಅಷ್ಟು ಗಿಡ ಇಟ್ಟರೆ ಮಂಚಕ್ಕೆ ಜಾಗ ಎಲ್ಲಿ? ಗಿಡ ಕಣ್ಣಿಗೆ ತಂಪು, ಮನಸ್ಸಿಗೆ ಖುಷಿ. ಗಾಳಿಗೆ ಕಿಟಕಿ ತೆರೆಯಿರಿ.

ಇದರ ಉಲ್ಟಾ ಸಂದೇಶವೂ ಓಡಾಡುತ್ತಿದೆ: ಕೋಣೆಯಲ್ಲಿ ಗಿಡವಿದ್ದರೆ ರಾತ್ರಿ ಉಸಿರುಗಟ್ಟುತ್ತದೆ ಎಂದು. ಅದೂ ಸುಳ್ಳು. ಒಂದು ಕುಂಡದ ಗಿಡ ಉಸಿರಾಡುವ ಪ್ರಮಾಣ, ಅದೇ ಕೋಣೆಯಲ್ಲಿ ಮಲಗಿದ ಒಬ್ಬ ಮನುಷ್ಯನಿಗೆ ಹೋಲಿಸಿದರೆ ಲೆಕ್ಕಕ್ಕೇ ಬರುವುದಿಲ್ಲ.

ಹೇಳಿಕೆ: ಹೂವಿನ ಕಷಾಯ ಕಾಯಿಲೆ ಗುಣಪಡಿಸುತ್ತದೆ

ಚೀನಾದಲ್ಲಿ ಈ ಹೂವನ್ನು ಸೂಪಿಗೆ ಹಾಕಿ ತಿನ್ನುವ ರೂಢಿ ಇದೆ. ಆದರೆ ತಿನ್ನುವ ರೂಢಿ ಇದೆ ಎನ್ನುವುದು ಬೇರೆ, ಕಾಯಿಲೆ ವಾಸಿಯಾಗುತ್ತದೆ ಎನ್ನುವುದು ಬೇರೆ. ಆಸ್ತಮಾ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಯಾವುದನ್ನೂ ಈ ಹೂ ವಾಸಿಮಾಡುತ್ತದೆ ಎಂದು ಮನುಷ್ಯರ ಮೇಲಿನ ವೈದ್ಯಕೀಯ ಪ್ರಯೋಗಗಳಿಂದ ಸಾಬೀತಾಗಿಲ್ಲ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಸಸ್ಯದ ಸಾರ ಏನೋ ಮಾಡಿತು ಎಂದಮಾತ್ರಕ್ಕೆ ಅದು ನಮ್ಮ ದೇಹದಲ್ಲೂ ಹಾಗೇ ಮಾಡುತ್ತದೆ ಎನ್ನುವಂತಿಲ್ಲ. ವೈದ್ಯರು ಕೊಟ್ಟ ಇನ್‌ಹೇಲರ್, ಮಾತ್ರೆ ಬಿಟ್ಟು ಕಷಾಯ ಹಿಡಿಯಬೇಡಿ.

‘ಕಳ್ಳಿ ಕುಟುಂಬ, ಹಾಗಾಗಿ ಕಳ್ಳಿಹಾಲಿನಂತೆ ಕಣ್ಣಿಗೆ ಅಪಾಯ’ ಎಂಬ ಭಯವೂ ಬೇಡ. ಬೇಲಿಯಲ್ಲಿ ಬೆಳೆಯುವ, ಮುರಿದರೆ ಬಿಳಿ ಹಾಲು ಸುರಿಸುವ ಕಳ್ಳಿಗಳು ಯೂಫೋರ್ಬಿಯೇಸಿ ಎಂಬ ಬೇರೆಯದೇ ಕುಟುಂಬದವು. ಅವುಗಳ ಹಾಲು ನಿಜಕ್ಕೂ ಅಪಾಯಕಾರಿ. ಬ್ರಹ್ಮಕಮಲವನ್ನು ಕತ್ತರಿಸಿದರೆ ನೀರಿನಂಥ ಲೋಳೆ ಬರುತ್ತದೆ, ಹಾಲು ಬರುವುದಿಲ್ಲ.

ಮನೆಯಲ್ಲಿ ಬೆಳೆಸುವುದು ಹೇಗೆ?

ಇಲ್ಲಿಯವರೆಗೆ ಓದಿದವರಿಗೆ ಅರ್ಧ ಉತ್ತರ ಗೊತ್ತಾಗಿದೆ. ಇದು ಕೆರೆಯ ಕಮಲವಲ್ಲ, ಮರಳುಗಾಡಿನ ಕಳ್ಳಿಯೂ ಅಲ್ಲ. ಮರದ ಕೊಂಬೆಯ ಮೇಲೆ ಏನಿರುತ್ತದೆ ಎಂದು ನೆನಪಿಸಿಕೊಂಡರೆ ಸಾಕು: ಎಲೆಗಳ ನಡುವಿಂದ ಸೋಸಿ ಬರುವ ಬೆಳಕು, ಬಂದು ಹರಿದುಹೋಗುವ ಮಳೆನೀರು, ಬೇರಿಗೆ ಸದಾ ಗಾಳಿ.

ಗಿಡ ಪಡೆಯುವುದು: ಅಕ್ಕಪಕ್ಕದವರ ಮನೆಯಲ್ಲಿ ಗಿಡವಿದ್ದರೆ ಒಂದು ತುಂಡು ಕೇಳಿ. 15ರಿಂದ 20 ಸೆಂಟಿಮೀಟರ್ ಉದ್ದದ ಬಲಿತ ಪಟ್ಟಿ ಸಾಕು. ಅದನ್ನು ತಕ್ಷಣ ನೆಡಬೇಡಿ. ನೆರಳಿನಲ್ಲಿ ನಾಲ್ಕರಿಂದ ಏಳು ದಿನ ಇಟ್ಟು, ಕತ್ತರಿಸಿದ ಜಾಗ ಒಣಗಿ ಗಟ್ಟಿಯಾಗಲು ಬಿಡಿ. ಹಸಿ ಗಾಯ ಒದ್ದೆ ಮಣ್ಣಿಗೆ ತಾಗಿದರೆ ಕೊಳೆಯುತ್ತದೆ. ಗಿಡದಲ್ಲಿದ್ದಾಗ ಕೆಳಗಿದ್ದ ತುದಿಯನ್ನೇ ಮೂರ್ನಾಲ್ಕು ಸೆಂಟಿಮೀಟರ್ ಆಳಕ್ಕೆ ಊರಿ. ಒಂದೂವರೆ ತಿಂಗಳೊಳಗೆ ಸಾಮಾನ್ಯವಾಗಿ ಬೇರು ಬಿಡುತ್ತದೆ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು.

ಆನ್‌ಲೈನ್‌ನಲ್ಲಿ ‘ಬ್ರಹ್ಮಕಮಲದ ಬೀಜ’ ಎಂದು ಮಾರುವ ಪೊಟ್ಟಣಗಳ ಬಗ್ಗೆ ಎಚ್ಚರ. ನಮ್ಮ ಮನೆಗಳಲ್ಲಿ ಈ ಗಿಡ ಕಾಯಿ ಕಟ್ಟುವುದೇ ಅಪರೂಪ. ತುಂಡಿನಿಂದ ಇಷ್ಟು ಸಲೀಸಾಗಿ ಬರುವ ಗಿಡಕ್ಕೆ ಬೀಜ ಕೊಳ್ಳುವ ಅಗತ್ಯವೂ ಇಲ್ಲ.

ಮಣ್ಣು: ಬರೀ ಕೆಮ್ಮಣ್ಣು ಅಥವಾ ಎರೆಮಣ್ಣು ಬೇಡ, ಅದು ಗಟ್ಟಿಯಾಗಿ ನೀರು ಹಿಡಿದಿಡುತ್ತದೆ. ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಪಾಲು ತೆಂಗಿನ ಸಿಪ್ಪೆಯ ತುಂಡು, ಇದ್ದಿಲಿನ ಚೂರು ಮತ್ತು ದಪ್ಪ ಮರಳು. ನೀರು ಹಾಕಿದರೆ ಅರೆ ನಿಮಿಷದಲ್ಲಿ ಕುಂಡದ ತಳದ ತೂತಿನಿಂದ ಹೊರಬರಬೇಕು. ತೂತಿಲ್ಲದ ಅಲಂಕಾರದ ಕುಂಡ ಈ ಗಿಡಕ್ಕೆ ಆಗದು.

ಕುಂಡ: ದೊಡ್ಡ ಕುಂಡ ಕೊಟ್ಟರೆ ಬೇಗ ಬೆಳೆಯುತ್ತದೆ ಎಂಬುದು ತಪ್ಪು. ಬೇರು ಕಡಿಮೆ, ಮಣ್ಣು ಜಾಸ್ತಿಯಾದರೆ ಮಣ್ಣು ಒಣಗುವುದೇ ಇಲ್ಲ. ಬೇರಿಗೆ ತುಸು ಇಕ್ಕಟ್ಟೆನಿಸುವ ಕುಂಡವೇ ಒಳ್ಳೆಯದು. ದಂಟುಗಳು ಎರಡು ಮೂರು ಮೀಟರ್ ಉದ್ದ ಬೆಳೆದು ಜೋತುಬೀಳುವುದರಿಂದ ನೇತುಹಾಕಿ, ಇಲ್ಲವೇ ಎತ್ತರದ ಕಟ್ಟೆಯ ಮೇಲಿಟ್ಟು ಕೋಲಿನ ಆಸರೆ ಕೊಡಿ. ಒದ್ದೆಯಾದ ಕುಂಡ ಬಲು ಭಾರ, ಕೊಕ್ಕೆ ಗಟ್ಟಿಯಾಗಿರಲಿ.

ಬೆಳಕು: ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ, ಉಳಿದ ಹೊತ್ತು ಪ್ರಖರವಾದ ನೆರಳು. ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ ಪಟ್ಟಿಗಳು ಹಳದಿಯಾಗಿ ಸುಟ್ಟ ಕಲೆ ಮೂಡುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೆರಳುಪರದೆ ಬೇಕೇ ಬೇಕು. ಹಾಗೆಂದು ಹಾಲ್‌ನ ಕತ್ತಲ ಮೂಲೆಯಲ್ಲಿಟ್ಟರೆ ಬಳ್ಳಿಯಂತೆ ಸಣಕಲಾಗಿ ಬೆಳೆಯುತ್ತದೆ, ಹೂ ಬಿಡುವುದಿಲ್ಲ.

ನೀರು: ಗಡಿಯಾರ ನೋಡಿ ನೀರು ಹಾಕಬೇಡಿ, ಬೆರಳಿಟ್ಟು ನೋಡಿ. ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣು ಒಣಗಿದ್ದರೆ ಹಾಕಿ, ಒದ್ದೆಯಿದ್ದರೆ ಬಿಡಿ. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಬೇಕಾಗಬಹುದು, ಚಳಿಗಾಲದಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಸಾಕಾಗಬಹುದು. ಮಲೆನಾಡು, ಕರಾವಳಿಯ ಬಿಡದ ಮಳೆಯಲ್ಲಿ ಕುಂಡವನ್ನು ಸೂರಿನಡಿಗೆ ಸರಿಸಿ.

ಗೊಬ್ಬರ: ಯೂರಿಯಾದಂಥ ಸಾರಜನಕ ಹೆಚ್ಚಿರುವ ಗೊಬ್ಬರ ಹಾಕಿದರೆ ಹಸಿರು ಪಟ್ಟಿಗಳೇ ಬರುತ್ತವೆ, ಹೂ ಬರುವುದಿಲ್ಲ. ಬೇಸಿಗೆಯ ಕೊನೆಗೆ ಮತ್ತು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಸಾಕು.

ಇದು ರೋಗವೇ? ಹೆದರಬೇಕೇ?

ದಂಟಿನ ಮೇಲೆ ಕಂದು ಬಣ್ಣದ ನೂಲಿನಂಥ ಬೇರುಗಳು ಬಂದರೆ ಕತ್ತರಿಸಬೇಡಿ. ತೊಗಟೆಗೆ ಅಂಟಿಕೊಳ್ಳಲು ಗಿಡ ಬಿಡುವ ಗಾಳಿಬೇರುಗಳು ಅವು. ಬಡಕಲು ಕೋಲಿನಂಥ ದುಂಡನೆಯ ಚಿಗುರು ಬಂದರೂ ಗಾಬರಿ ಬೇಡ, ಅದೇ ಮುಂದೆ ಚಪ್ಪಟೆ ಪಟ್ಟಿಗಳನ್ನು ಬಿಡುತ್ತದೆ.

ಬುಡ ಮೆತ್ತಗಾಗಿ ಕಪ್ಪಾದರೆ ಅದು ಕೊಳೆರೋಗ, ಕಾರಣ ಹೆಚ್ಚಾದ ನೀರು. ಮೇಲಿನ ಗಟ್ಟಿ ಭಾಗವನ್ನು ಕತ್ತರಿಸಿ, ಒಣಗಿಸಿ, ಹೊಸದಾಗಿ ನೆಟ್ಟು ಗಿಡ ಉಳಿಸಿಕೊಳ್ಳಬಹುದು. ಸಂದಿಗಳಲ್ಲಿ ಹತ್ತಿಯಂಥ ಬಿಳಿ ಗಂಟು ಕಂಡರೆ ಹಿಟ್ಟು ತಿಗಣೆ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ. ಹೆಚ್ಚಾಗಿದ್ದರೆ ಬೇವಿನ ಎಣ್ಣೆಯನ್ನು ಸೋಪಿನ ನೀರಿನಲ್ಲಿ ಕಲಸಿ ಸಂಜೆ ಹೊತ್ತು ಸಿಂಪಡಿಸಿ.

ಹೆಚ್ಚಿನವರ ದೂರು, ಮೊಗ್ಗು ಅರಳುವ ಮುನ್ನವೇ ಉದುರುವುದು. ಕಣ್ಣುಬಿದ್ದು ಹೀಗಾಯಿತು ಎನ್ನುವವರಿದ್ದಾರೆ. ಸಾಮಾನ್ಯ ಕಾರಣ ಬೇರೆ: ಮೊಗ್ಗು ಕಂಡ ಖುಷಿಗೆ ಕುಂಡವನ್ನು ಮನೆಯೊಳಗೆ ತರುವುದು, ದಿಕ್ಕು ತಿರುಗಿಸುವುದು, ಒಮ್ಮೆಲೇ ನೀರು ಜಾಸ್ತಿ ಮಾಡುವುದು ಅಥವಾ ಮರೆತು ಒಣಗಿಸುವುದು. ಮೊಗ್ಗು ಬಂದ ಮೇಲೆ ಕುಂಡ ಇದ್ದಲ್ಲೇ ಇರಲಿ, ನೀರು ಹದವಾಗಿರಲಿ.

ಹೂ ಅರಳುವ ರಾತ್ರಿಯನ್ನು ಮೊದಲೇ ತಿಳಿಯಬಹುದು. ಕೆಳಗೆ ಜೋತುಬಿದ್ದ ಮೊಗ್ಗು ಅರಳುವ ದಿನ ಹತ್ತಿರವಾದಂತೆ ಕೊಕ್ಕೆಯಂತೆ ಮೇಲಕ್ಕೆ ಬಾಗುತ್ತದೆ. ಸಂಜೆ ಅದರ ತುದಿ ಉಬ್ಬಿ ಸಡಿಲವಾಗಿದ್ದರೆ ಅಂದು ರಾತ್ರಿಯೇ ಅರಳುತ್ತದೆ. ನೆರೆಹೊರೆಯವರನ್ನು ಕರೆಯಲು ಇಷ್ಟು ಸೂಚನೆ ಸಾಕು.

ಹಾಗಾದರೆ ಪೂಜೆ?

ಅರಳಿದ ಹೂವಿಗೆ ಆರತಿ ಎತ್ತುವುದು, ನೆರೆಯವರಿಗೆ ಪ್ರಸಾದ ಹಂಚುವುದು ಅವರವರ ನಂಬಿಕೆ, ಸಂತೋಷ. ಗಿಡದ ತವರು ಮೆಕ್ಸಿಕೊ ಎಂದು ತಿಳಿದರೆ ಆ ಸಂತೋಷವೇನೂ ಕಡಿಮೆಯಾಗುವುದಿಲ್ಲ. ಗಮನಿಸಬೇಕಾದ್ದು ಇನ್ನೊಂದಿದೆ. ಮನೆಯ ಹೂವಿನ ಫೋಟೋಗೆ ಹಿಮಾಲಯದ ಮಹಿಮೆ ಅಂಟಿಸುವ ಸಂದೇಶಗಳು ಅಲ್ಲಿನ ನಿಜವಾದ ಬ್ರಹ್ಮಕಮಲವನ್ನು ಮರೆಮಾಡುತ್ತವೆ. ಪೂಜೆಗೆ, ಔಷಧಿಗೆ, ನೆನಪಿಗೆಂದು ಅತಿಯಾಗಿ ಕೀಳುವುದರಿಂದ ಆ ಗಿಡ ಕಷ್ಟದಲ್ಲಿದೆ. ಬೀಜ ಕಟ್ಟುವ ಮೊದಲೇ ಹೂ ಕಿತ್ತರೆ ಮುಂದಿನ ಪೀಳಿಗೆ ಹುಟ್ಟುವುದಿಲ್ಲ. ನಮ್ಮ ಕುಂಡದ ಕಳ್ಳಿಯನ್ನು ಒಂದು ತುಂಡಿನಿಂದ ನೂರು ಮಾಡಬಹುದು, ಹಿಮಾಲಯದ ಗಿಡವನ್ನು ಹಾಗೆ ಮಾಡಲಾಗದು. ಚಾರಧಾಮಕ್ಕೆ ಹೋದಾಗ ಅದನ್ನು ಕಂಡರೆ ಫೋಟೋ ತೆಗೆದುಕೊಳ್ಳಿ, ಹೂವನ್ನು ಗಿಡದಲ್ಲೇ ಬಿಡಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ನಮ್ಮ ಮನೆಗಳ ಬ್ರಹ್ಮಕಮಲ ಮಧ್ಯ ಅಮೆರಿಕದ ಕಾಡಿನಲ್ಲಿ ಮರದ ಮೇಲೆ ಬೆಳೆಯುವ ಕಳ್ಳಿ. ಪ್ರತಿ ವರ್ಷ ಅರಳುತ್ತದೆ, ಒಂದು ಹೂ ಒಂದೇ ರಾತ್ರಿ ಇರುತ್ತದೆ. ಔಷಧಿಯೆಂದು ಸಾಬೀತಾಗಿಲ್ಲ. ಸಡಿಲ ಮಣ್ಣು, ಎಳೆಬಿಸಿಲು, ಹದವಾದ ನೀರು ಕೊಡಿ. ಬೀಜ ಕೊಳ್ಳಬೇಡಿ, ಒಂದು ತುಂಡು ನನ್ನ ಹತ್ತಿರವೇ ಇಸಿದುಕೊಳ್ಳಿ.